ನೆಲವೇ ಇಲ್ಲದ ದೇಶಕ್ಕೆ ಪ್ರಾಂತ್ಯದ ಗಡಿ ಹಾಕಿದ್ದು

ನಮ್ಮ ದೇಶಕ್ಕೆ ಯಾರ ಮಾನ್ಯತೆಯೂ ಇಲ್ಲ, ಮುಂದೆ ಸಿಗೋದೂ ಇಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿರುವ ಒಂದು ಮನೆಯ ತಾರಸಿ ನಮ್ಮ ರಾಜಧಾನಿ. ಬಾವುಟ ಇದೆ, ಸಂವಿಧಾನ ಇದೆ, ನೂರು ಚಿಲ್ಲರೆ ಪ್ರಜೆಗಳಿದ್ದಾರೆ. ಇಂಥವಕ್ಕೆ ಮೈಕ್ರೋನೇಷನ್ ಅಂತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಲೆನಾರ್ಡ್ ಕ್ಯಾಸ್ಲಿ ಅನ್ನೋ ರೈತ ಗೋಧಿ ಕೋಟಾದ ಜಗಳದಲ್ಲಿ 1970ರಲ್ಲಿ ತನ್ನ ಜಮೀನನ್ನೇ ಹಟ್ ರಿವರ್ ಅನ್ನೋ ದೇಶ ಮಾಡಿಕೊಂಡಿದ್ದ. ಅದು 2020ರವರೆಗೂ ನಡೆಯಿತು. ಅವನಿಗೆ ಜಮೀನಾದರೂ ಇತ್ತು. ನಾವು ಟಲೋಸಾ ಕಡೆಯವರು. 1979ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಒಬ್ಬ ಹುಡುಗ ತನ್ನ ಕೋಣೆಯನ್ನೇ ದೇಶ ಅಂತ ಸಾರಿದ್ದು ಅದು. ಅಲ್ಲಿ ಪ್ರಜೆ ಎಲ್ಲಿ ವಾಸ ಇದ್ದಾರೆ ಅನ್ನೋದನ್ನು ನೋಡಿ ಅವರನ್ನು ಒಂದು ಪ್ರಾಂತ್ಯಕ್ಕೆ ಸೇರಿಸುತ್ತಾರೆ. ನಮ್ಮಲ್ಲೂ ಹಾಗೇ.

ನಮಗೆ ನಾಲ್ಕು ಪ್ರಾಂತ್ಯ. ಶುರುವಿನಲ್ಲಿ ಮೈಸೂರು ನಗರವನ್ನು ಮೂರು ಭಾಗ ಮಾಡಿ, ಉಳಿದ ಇಡೀ ಪ್ರಪಂಚವನ್ನು ‘ಹೊರನಾಡು’ ಅಂತ ನಾಲ್ಕನೆಯದಕ್ಕೆ ತಳ್ಳಿದ್ದರು. ಆಗ ಸ್ನೇಹಿತರೆಲ್ಲ ಮೈಸೂರಿನಲ್ಲೇ ಇದ್ದರು, ನಡೆಯಿತು. ಆಮೇಲೆ ಕೆಲವರು ಕೆಲಸಕ್ಕೆ ಬೆಂಗಳೂರಿಗೆ ಹೋದರು, ಮಂಡ್ಯದ ಕಡೆಯಿಂದ ಹೊಸಬರು ಬಂದರು. ಹೊರನಾಡಿನಲ್ಲೇ ಅರ್ಧ ದೇಶ ತುಂಬಿಕೊಂಡಿತು. ನಜರ್‌ಬಾದ್ ಕಡೆಯ ಪ್ರಾಂತ್ಯದಲ್ಲಿ ಉಳಿದವರು ಒಂದೇ ಮನೆಯ ಅಮ್ಮ, ಮಗಳು, ಅಳಿಯ. ಪ್ರತಿ ಪ್ರಾಂತ್ಯದಿಂದ ಸಭೆಗೆ ಇಬ್ಬರು ಅಂತ ನಮ್ಮ ಸಂವಿಧಾನ ಹೇಳುತ್ತದೆ. ಹಾಗಾಗಿ ಅಮ್ಮ, ಮಗಳು ಸದಸ್ಯರು, ಅಳಿಯ ಒಬ್ಬನೇ ಮತದಾರ. ಅವನು ಯಾರಿಗೆ ಓಟು ಹಾಕಿದ ಅಂತ ಕೇಳುವ ಹಾಗೇ ಇರಲಿಲ್ಲ ಬಿಡಿ.

ಗಡಿ ಯಾಕೆ ಮುಟ್ಟಬೇಕು, ಜನಕ್ಕೆ ತಕ್ಕಂತೆ ಸೀಟು ಹೆಚ್ಚು ಕಡಿಮೆ ಮಾಡಿದರೆ ಸಾಕಲ್ವಾ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಅದಕ್ಕೆ ಸಂವಿಧಾನ ತಿದ್ದಬೇಕು. ಹಾಗೆ ಮಾಡಿದರೂ ಹೊರನಾಡಿನವರ ಕಷ್ಟ ಹಾಗೇ ಇರುತ್ತದೆ. ಮದ್ದೂರಿನ ಪ್ರಜೆಯ ಮಾತನ್ನು ಟೊರೊಂಟೊದಲ್ಲಿ ಕೂತ ಸದಸ್ಯ ಹೇಳಬೇಕು. ಗಡಿಯನ್ನೇ ಬದಲಾಯಿಸೋಣ, ಮೈಸೂರಿಗೆ ಎರಡು ಪ್ರಾಂತ್ಯ, ಮಂಡ್ಯಕ್ಕೆ ಒಂದು, ಉಳಿದದ್ದು ಹೊರನಾಡು ಅಂತ ತೀರ್ಮಾನವಾಗಿ ಕೆಲಸ ನನ್ನ ತಲೆಗೆ ಬಂತು.

ಮೊದಲು ಬೇಕಾಗಿದ್ದು ಒಂದು ಅಳತೆಯ ತುಂಡು. ಹಳೇ ಗಡಿ ರಸ್ತೆ ಹಿಡಿದು ಹೋಗುತ್ತಿತ್ತು. ನ್ಯೂ ಕಾಂತರಾಜ ಅರಸ್ ರಸ್ತೆಯ ಆ ಬದಿಯವರು ಒಂದು ಪ್ರಾಂತ್ಯ, ಈ ಬದಿಯವರು ಇನ್ನೊಂದು. ಯಾರು ಎಲ್ಲಿಗೆ ಅಂತ ಪ್ರತಿ ಸಲ ನಕ್ಷೆ ತೆಗೆದು ನೋಡಬೇಕಿತ್ತು. ನಾನು ಪಿನ್‌ಕೋಡ್ ಹಿಡಿದೆ. ಪ್ರಜೆ ತನ್ನ ಪಿನ್ ನೋಡಿ ತಾನೇ ಪ್ರಾಂತ್ಯ ಹೇಳಬಹುದು, ನನ್ನನ್ನು ನಂಬಬೇಕಾಗಿಲ್ಲ. ಮನೆ ನಂಬರು, ರಸ್ತೆ ಏನೂ ಕೇಳದೆ ಬರೀ ಆರು ಅಂಕಿ ಪಡೆದರೆ ಜನರ ವಿಳಾಸವೂ ನಮ್ಮ ಹತ್ತಿರ ಬಿದ್ದಿರಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪಿನ್ ಅಂಚೆಯವರ ಅನುಕೂಲಕ್ಕೆ ಮಾಡಿದ್ದು, ಜಿಲ್ಲೆಯ ಗಡಿಗೂ ಅದಕ್ಕೂ ಸಂಬಂಧ ಕಡಿಮೆ. 570 ಅಂದರೆ ಸುಮಾರಾಗಿ ಮೈಸೂರು ನಗರ, ಸರಿ. 571 ಅಂದರೆ ಮಂಡ್ಯ ಅಂದುಕೊಂಡರೆ ಕೆಟ್ಟಿರಿ. ಹುಣಸೂರು 571105, ಮಡಿಕೇರಿ 571201, ನಂಜನಗೂಡು 571301. ನಾಲ್ಕನೇ ಅಂಕಿ 4 ಇದ್ದರೆ ಮಂಡ್ಯ ಅನ್ನೋಣವೇ? ಮಂಡ್ಯ 571401, ಮದ್ದೂರು 571428, ಪಾಂಡವಪುರ 571434, ಎಲ್ಲಾ ಸರಿ ಹೋಗುತ್ತೆ. ಆಮೇಲೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ಬರುತ್ತೆ, 571440. ಅದಕ್ಕೇ ಆರೂ ಅಂಕಿ ಇಟ್ಟುಕೊಂಡು ಒಂದೊಂದೇ ಪಿನ್ ಪಟ್ಟಿ ಮಾಡಿದೆ.

ಯಾವ ಪಿನ್‌ನಲ್ಲಿ ಎಷ್ಟು ಪ್ರಜೆಗಳು ಅನ್ನೋದು ಒಂದು ಶೀಟಿನಲ್ಲಿ. ಒಟ್ಟು ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಸರಾಸರಿ. ಅದಕ್ಕಿಂತ ಶೇಕಡಾ 15 ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ ಅಂತ ಸಭೆ ಮೊದಲೇ ಒಪ್ಪಿತ್ತು. ಈ ಮಿತಿಯನ್ನು ನಕ್ಷೆಗೆ ಮುಂಚೆಯೇ ಪಾಸು ಮಾಡಿಸಿಕೊಳ್ಳಿ. ನಕ್ಷೆ ಬಂದ ಮೇಲೆ ಪ್ರತಿಯೊಬ್ಬರೂ ತಮಗೆ ಬೇಕಾದ ಮಿತಿ ಹೇಳುತ್ತಾರೆ. ಹಾಸ್ಟೆಲ್ ಹುಡುಗರದ್ದು ಇನ್ನೊಂದು ತಲೆನೋವು. ಊರು ಮಳವಳ್ಳಿ, ಇರೋದು ಮೈಸೂರು. ಪೌರತ್ವದ ಕಾರ್ಡ್ ಯಾವ ವಿಳಾಸಕ್ಕೆ ಅಂಚೆಯಲ್ಲಿ ಬರಬೇಕೋ ಆ ಪಿನ್ನೇ ಲೆಕ್ಕಕ್ಕೆ ಅಂತ ಮುಗಿಸಿದೆವು.

ನಕ್ಷೆಗೆ ಕ್ಯೂಜಿಐಎಸ್ ಅನ್ನೋ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಬಳಸಿದೆ, ಪುಕ್ಕಟೆ ಸಿಗುತ್ತದೆ. ಹಿನ್ನೆಲೆಗೆ ಜನರೇ ಸೇರಿ ಮಾಡಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ. ಪ್ರತಿ ಅಂಚೆ ಕಚೇರಿಗೆ ಒಂದು ಚುಕ್ಕೆ ಇಟ್ಟು, ಯಾವ ಪ್ರಾಂತ್ಯದ ಕೇಂದ್ರ ಹತ್ತಿರವೋ ಅದಕ್ಕೆ ಸೇರಿಸು ಅಂದೆ. ಕಂಪ್ಯೂಟರು ಚಕಚಕ ಅಂತ ಚೆಂದದ ನಕ್ಷೆ ಕೊಟ್ಟಿತು. ಶ್ರೀರಂಗಪಟ್ಟಣವನ್ನು ಮೈಸೂರಿಗೆ ಸೇರಿಸಿತ್ತು. ದೂರದ ಲೆಕ್ಕದಲ್ಲಿ ತಪ್ಪೇನಿಲ್ಲ, ಮೈಸೂರು ಹದಿನೈದು ಕಿಲೋಮೀಟರ್ ಆಚೆ ಈಚೆ, ಮಂಡ್ಯ ಅದರ ಸುಮಾರು ಎರಡರಷ್ಟು.

ಕರಡನ್ನು ಆಕ್ಷೇಪಣೆಗೆ ಬಿಟ್ಟೆವು. ಭಾರತ ಸರ್ಕಾರದ ಕ್ಷೇತ್ರ ಪುನರ್ವಿಂಗಡಣೆಯಲ್ಲೂ ಹೀಗೇ. 2002ರ ಕಾಯ್ದೆಯಲ್ಲಿ ಕರಡು ಪ್ರಕಟಿಸಿ ಜನರ ಮಾತು ಕೇಳಬೇಕು ಅಂತ ಇದೆ. ತಾರಸಿಯ ಸಭೆಗೆ ಶ್ರೀರಂಗಪಟ್ಟಣದ ಗಂಜಾಂನ ಹುಡುಗನೊಬ್ಬ ಬಂದ. ಅವನು ಕೆಲಸ ಮಾಡೋದು ಮೈಸೂರಿನಲ್ಲೇ.

“ಅಣ್ಣ, ದಿನಾ ಮೈಸೂರ್ಗೆ ಬತ್ತೀನಿ, ಹೋಯ್ತೀನಿ, ಅದು ಬ್ಯಾರೆ. ಲೆಕ್ಕಕ್ಕೆ ಮಾತ್ರ ನಾವು ಮಂಡ್ಯದೋರೆ.”

ಮಂಡ್ಯ ಜಿಲ್ಲೆ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು, ಅದಕ್ಕೂ ಹಿಂದೆ ನೀವು ನಮ್ಮವರೇ ಅಂತ ಒಬ್ಬರು ಹಿರಿಯರು ಇತಿಹಾಸ ತೆಗೆದರು. ಅವನು ಜಗ್ಗಲಿಲ್ಲ.

“ಮಂಡ್ಯ ಅಂದ್ರೆ ಇಂಡಿಯಾ ಸಾರ್. ಇಂಡಿಯಾನ್ ಬುಟ್ಟು ನಿಮ್ ದೇಸುಕ್ ಬಂದಿವ್ನಿ, ಮಂಡ್ಯಾನೂ ಬುಡು ಅಂದ್ರೆ ಹೆಂಗೆ?”

ಎಲ್ಲರೂ ನಕ್ಕರು. ಅಲ್ಲಿಗೆ ವಾದ ಮುಗಿಯಿತು. ಶ್ರೀರಂಗಪಟ್ಟಣದ ಪಿನ್ 571438ರ ಪ್ರಜೆಗಳನ್ನಷ್ಟೇ ಕೇಳಿ ಮತ ಹಾಕಿಸಿದೆವು, ಮಂಡ್ಯವೇ ಗೆದ್ದಿತು. ನನಗೆ ಒಳಗೊಳಗೇ ಖುಷಿ, ಯಾಕೆಂದರೆ ಅವರು ಬರದಿದ್ದರೆ ಮಂಡ್ಯ ಪ್ರಾಂತ್ಯ ಶೇಕಡಾ 15ರ ಒಳಗೆ ಬರುತ್ತಿರಲಿಲ್ಲ.

ಜನ ಈ ವಿಷಯದಲ್ಲಿ ಹಟ ಮಾಡಿದರೆ ನನಗೆ ಆಶ್ಚರ್ಯವಾಗಲ್ಲ. ಲೋಕಸಭೆಯ ನಕ್ಷೆ ನೋಡಿ. ಮೈಸೂರು ಜಿಲ್ಲೆಯ ಕೆ.ಆರ್. ನಗರ ಮಂಡ್ಯ ಕ್ಷೇತ್ರದಲ್ಲಿದೆ. ಕೊಡಗಿನ ಮಡಿಕೇರಿ, ವಿರಾಜಪೇಟೆ ಮೈಸೂರು ಕ್ಷೇತ್ರದಲ್ಲಿವೆ. ಮೈಸೂರು ಊರಿನ ಪಕ್ಕದಲ್ಲೇ ಇರುವ ವರುಣಾ ಚಾಮರಾಜನಗರಕ್ಕೆ ಸೇರಿದೆ. ತಲೆ ಎಣಿಸಿ ಸಮ ಮಾಡಲು ಹೋದಾಗ ಊರಿನ ನೆಂಟಸ್ತಿಕೆ ಎಲ್ಲೋ ಒಂದು ಕಡೆ ತುಂಡಾಗಲೇಬೇಕು. ಎಲ್ಲಿ ತುಂಡಾಗಲಿ ಅಂತ ಅಲ್ಲಿರುವವರನ್ನೇ ಕೇಳುವಷ್ಟು ನಾವು ಚಿಕ್ಕ ದೇಶ.

ನಗರದೊಳಗೆ ಜಾಸ್ತಿ ಗಲಾಟೆ ಆಗಲಿಲ್ಲ. ಮೂರು ಪ್ರಾಂತ್ಯ ಹೋಗಿ ಎರಡಾಯಿತು. ಸರಸ್ವತಿಪುರಂ 570009, ಕುವೆಂಪುನಗರ 570023 ಇವೆಲ್ಲ ಪಶ್ಚಿಮಕ್ಕೆ, ಜೊತೆಗೆ ಹುಣಸೂರು. ಸಿದ್ಧಾರ್ಥನಗರ 570011, ನಜರ್‌ಬಾದ್ ಪೂರ್ವಕ್ಕೆ, ಜೊತೆಗೆ ನಂಜನಗೂಡು. ಬೆಂಗಳೂರು ಮತ್ತು ವಿದೇಶ ಹೊರನಾಡಾಗಿಯೇ ಉಳಿಯಿತು, ಈಗ ಹದವಾದ ಗಾತ್ರದಲ್ಲಿ. ಹೊಸ ಹೆಸರು ಇಡುವ ಮಾತು ಬಂದಾಗ ಮಾತ್ರ ನಾನು ತಡೆದೆ. ಗಡಿ ಪಾಸಾಗುವವರೆಗೆ ಪೂರ್ವ, ಪಶ್ಚಿಮ ಅಂತಲೇ ಇರಲಿ ಅಂದೆ. ಹೆಸರಿನ ಜಗಳ ಶುರುವಾದರೆ ಗಡಿಯನ್ನು ಯಾರೂ ನೋಡಲ್ಲ.

ಗಡಿ ಪಾಸಾಯಿತು. ಅಮ್ಮ, ಮಗಳ ಅವಧಿ ಮುಗಿಯುವವರೆಗೆ ಸದಸ್ಯತ್ವ ಹಾಗೇ ಇರುತ್ತದೆ, ಹೊಸ ಗಡಿ ಮುಂದಿನ ಚುನಾವಣೆಯಿಂದ ಲಾಗೂ. ಯಾವ ಪ್ರಾಂತ್ಯವಾದರೂ ಸರಾಸರಿಗಿಂತ ಶೇಕಡಾ 30 ಆಚೆಗೆ ಹೋದರೆ ಮತ್ತೆ ಗಡಿ ನೋಡಬೇಕು ಅಂತ ಒಂದು ಸಾಲು ಸೇರಿಸಿದ್ದೇವೆ. ಕೊಳ್ಳೇಗಾಲದಲ್ಲಿ ನಮಗಿರುವುದು ಒಬ್ಬರೇ ಪ್ರಜೆ. ಮೈಸೂರು ಪೂರ್ವ ಬೇಕೋ ಮಂಡ್ಯ ಬೇಕೋ ಅಂತ ಕೇಳಿದ್ದೇವೆ. ಚುನಾವಣೆ ಘೋಷಣೆ ಆಗುವಷ್ಟರಲ್ಲಿ ಹೇಳದಿದ್ದರೆ ಮಳವಳ್ಳಿ ಜೊತೆ ಮಂಡ್ಯಕ್ಕೆ ಸೇರಿಸುವುದು ಅಂತ ನಿರ್ಣಯವಾಗಿದೆ.