ಬೇಲ್ ಸಿಕ್ಕಿದ್ರೂ ಮನೆಗ್ ಬಿಡಲ್ಲ: ವೀಸಾ ಮುಗಿದವರ ಫೈಲ್ ಹಿಂದೆ ಓಡಾಡಿದ ನನ್ನ ಅನುಭವ

ಬೆಂಗಳೂರಿನ ಕೊತ್ತನೂರು ಹತ್ರ ನಂದೊಂದು ಸೈಬರ್ ಸೆಂಟರ್, ಜೆರಾಕ್ಸ್, ಆನ್‌ಲೈನ್ ಅರ್ಜಿ, ರೆಂಟಲ್ ಅಗ್ರಿಮೆಂಟ್, ಇಷ್ಟೇ ವ್ಯಾಪಾರ. ಹೆಣ್ಣೂರು ಕಡೆಯೆಲ್ಲ ಆಫ್ರಿಕಾದಿಂದ ಓದೋಕ್ ಬಂದ ಹುಡುಗ್ರು ಜಾಸ್ತಿ ಇದಾರೆ. 2018ರಲ್ಲಿ ವೀಸಾ ಕೆಲ್ಸ ಎಲ್ಲಾ ಇ-ಎಫ್‌ಆರ್‌ಆರ್‌ಒಗೆ, ಅಂದ್ರೆ ವಿದೇಶದವರ ನೋಂದಣಿ ಕಚೇರಿಯ ಆನ್‌ಲೈನ್ ಪೋರ್ಟಲ್‌ಗೆ, ಬಂತಲ್ಲ, ಆಗಿಂದ ಅವರ ಅರ್ಜಿ ತುಂಬ್ತಾ ತುಂಬ್ತಾ ವೀಸಾ ಮುಗಿದು ಡಿಟೆನ್ಷನ್‌ನಲ್ಲಿ (ಸರ್ಕಾರ ಕೂಡಿಹಾಕೋ ಜಾಗ) ಸಿಕ್ಕಾಕೊಂಡವರ ಪೇಪರ್ ಓಡಾಟಾನೂ ನನ್ನ ತಲೆಗೇ ಬಂತು. ನಾನು ಲಾಯರ್ ಅಲ್ಲ, ಮೊದಲೇ ಹೇಳ್ಬಿಡ್ತೀನಿ.

ನಾನು ನೋಡಿದ್ದರಲ್ಲಿ ಹೆಚ್ಚಿನ ಕೇಸ್‌ಗಳು ಶುರುವಾಗೋದು ಫೀಸಿಂದ. ಊರಿಂದ ದುಡ್ಡು ಬರೋದು ನಿಂತೋಗುತ್ತೆ, ಫೀಸ್ ಕಟ್ಟಿಲ್ಲ ಅಂತ ಕಾಲೇಜು ಬೋನಫೈಡ್ (ನಮ್ಮಲ್ಲೇ ಓದ್ತಿದಾನೆ ಅನ್ನೋ ಸರ್ಟಿಫಿಕೇಟ್) ಕೊಡಲ್ಲ, ಬೋನಫೈಡ್ ಇಲ್ದೆ ವೀಸಾ ಎಕ್ಸ್‌ಟೆನ್ಷನ್ ಆಗಲ್ಲ, ಹುಡುಗ ಹೆದರ್ಕೊಂಡು ಸುಮ್ನಿರ್ತಾನೆ, ಆಮೇಲೊಂದಿನ ಪೊಲೀಸ್ ಚೆಕಿಂಗ್. ಮೊದಲು 1946ರ ಫಾರಿನರ್ಸ್ ಆಕ್ಟ್ ಹಾಕ್ತಿದ್ರು, ಅದರಲ್ಲಿ ಓವರ್‌ಸ್ಟೇಗೆ, ಅಂದ್ರೆ ವೀಸಾ ಮುಗಿದ ಮೇಲೂ ಇಲ್ಲೇ ಇದ್ದಿದ್ದಕ್ಕೆ, 5 ವರ್ಷದ ತನಕ ಜೈಲಿತ್ತು. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಜಾರಿಗೆ ಬಂದಿದೆ, ಓವರ್‌ಸ್ಟೇಗೆ 3 ವರ್ಷದ ತನಕ ಜೈಲು, ಇಲ್ಲಾ 3 ಲಕ್ಷದ ತನಕ ದಂಡ, ಎರಡೂ ಹಾಕಬಹುದು.

ಹಿಡ್ಕೊಂಡು ಹೋದ್ರು ಅಂತ ಫೋನ್ ಬಂದ ತಕ್ಷಣ ನಾನು ಮಾಡೋದು ಲಾಯರ್ ವ್ಯವಸ್ಥೆ. 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಬೇಕು ಅನ್ನೋದು ವಿದೇಶದವರಿಗೂ ಅನ್ವಯಿಸುತ್ತೆ, ಕಸ್ಟಡಿಲಿರೋರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀ ಲಾಯರ್ ಕೂಡ ಸಿಗ್ತಾರೆ, 15100ಕ್ಕೆ ಫೋನ್ ಮಾಡಿದ್ರೆ ಸಾಕು. ಪಾಸ್‌ಪೋರ್ಟು ಮೊಬೈಲು ಎರಡೂ ಸೀಜ್ ಆಗಿರುತ್ತೆ, ಅದಕ್ಕೇ ಅಂಗಡಿಗೆ ಬರೋ ಪ್ರತಿಯೊಬ್ಬರಿಗೂ ಪಾಸ್‌ಪೋರ್ಟ್, ವೀಸಾ, ಫೀಸ್ ರಸೀದಿ ಸ್ಕ್ಯಾನ್ ಮಾಡಿ ಅವರದೇ ಮೇಲ್‌ಗೆ, ಜೊತೆಗೆ ನಂಬಿಕಸ್ತ ಫ್ರೆಂಡ್ ಒಬ್ಬರಿಗೆ ಕಳ್ಸಿಡ್ತೀನಿ, ಅದಕ್ಕೆ ಕಾಸು ತಗೊಳಲ್ಲ.

ಎಂಬಸಿಗೆ ಫೋನ್ ಮಾಡೋ ಮುಂಚೆ ಮಾತ್ರ ಒಂದ್ ನಿಮಿಷ ತಡ್ಕೋಬೇಕು. ಊರಿಗೆ ವಾಪಸ್ ಹೋದ್ರೆ ಜೀವಕ್ಕೇನಾದ್ರೂ ಭಯ ಇದ್ಯಾ ಅಂತ ಅವರನ್ನೇ ಕೇಳಿ. ಇದೆ ಅಂದ್ರೆ ಅವರ ಸರ್ಕಾರಕ್ಕೆ ಸುದ್ದಿ ಮುಟ್ಟಿಸೋದೇ ಅಪಾಯ. ನಮ್ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಪ್ರತ್ಯೇಕ ಕಾನೂನೂ ಇಲ್ಲ, ಆದ್ರೂ ದೆಹಲಿಲಿ ನಿರಾಶ್ರಿತರಿಗಾಗಿ ಇರೋ ವಿಶ್ವಸಂಸ್ಥೆಯ ಸಂಸ್ಥೆ ಯುಎನ್‌ಎಚ್‌ಸಿಆರ್ ಆಫೀಸಿದೆ, ಅಂಥವರ ವಿಷಯ ಲಾಯರ್ ಮೂಲಕ ಅಲ್ಲಿಗೆ ಹೋಗ್ಬೇಕು.

ಇನ್ನು ಬೇಲ್. ಪಹಣಿ ಇಟ್ಕೊಂಡು ಶೂರಿಟಿ ನಿಲ್ಲೋಕೆ ಇಲ್ಲಿ ಅವರಿಗೆ ಮಾವನಾ ಚಿಕ್ಕಪ್ಪನಾ? ಹೆಂಗೋ ಹೊಂಚಿ ಬೇಲ್ ತಗೊಂಡ್ರೂ ವೀಸಾ ಇಲ್ಲ ಅಂತ ಜೈಲಿಂದ ಡಿಟೆನ್ಷನ್ ಸೆಂಟರ್‌ಗೆ ಹಾಕ್ತಾರೆ. ನೆಲಮಂಗಲದ ಹತ್ರ ಸೊಂಡೆಕೊಪ್ಪದಲ್ಲಿದೆ, ಮೊದಲು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಆಗಿದ್ದ ಬಿಲ್ಡಿಂಗು. ಮನೆಯವರು ಇದನ್ನ ನಂಬೋದೇ ಇಲ್ಲ, ಬೇಲ್ ಆಗಿದೆ ಅಂದ್ಮೇಲೆ ಹೊರಗ್ ಬರ್ಬೇಕಲ್ವಾ, ನೀನೇ ಏನೋ ಮುಚ್ಚಿಡ್ತಿದ್ದೀಯ ಅಂತ ವಾಟ್ಸಾಪ್‌ನಲ್ಲಿ ನನ್ನ ಮೇಲೇ ಜಗಳಕ್ ಬೀಳ್ತಾರೆ.

ಇಲ್ಲಿಂದಾಚೆ ಪೂರ್ತಿ ಪೇಪರ್ ಆಟ, ಯಾವುದಾದ್ಮೇಲೆ ಯಾವುದು ಅನ್ನೋದರ ಮೇಲೇ ಒಳಗೆ ಎಷ್ಟು ದಿನ ಕೊಳೀಬೇಕು ಅನ್ನೋದು ನಿಂತಿರುತ್ತೆ. ಎಲ್ಲರೂ ಮೊದಲು ಟಿಕೆಟ್‌ಗೆ ಓಡ್ತಾರೆ, ಅದು ಕೊನೆಗೆ. ಕೋರ್ಟಲ್ಲಿ ಕೇಸ್ ಬಾಕಿ ಇದ್ರೆ ದೇಶ ಬಿಡೋಕಾಗಲ್ಲ, ಅದು ಮುಗೀಬೇಕು ಇಲ್ಲಾ ಕೋರ್ಟ್ ಪರ್ಮಿಷನ್ ಬೇಕು, ಅಷ್ಟರಲ್ಲಿ ಪಾಸ್‌ಪೋರ್ಟ್ ಡೇಟ್ ಮುಗಿದಿದ್ರೆ ದೆಹಲಿ ಎಂಬಸಿಯಿಂದ ಎಮರ್ಜೆನ್ಸಿ ಟ್ರಾವೆಲ್ ಸರ್ಟಿಫಿಕೇಟ್ ತರಿಸ್ಬೇಕು, ಆಮೇಲೆ ಎಕ್ಸಿಟ್ ಪರ್ಮಿಟ್ (ದೇಶ ಬಿಡೋಕೆ ಸರ್ಕಾರದ ಅನುಮತಿ), ಆಮೇಲೆ ಟಿಕೆಟ್. ಕೇಸ್ ನಡೀತಿರೋವಾಗ್ಲೇ ಎಂಬಸಿ ಪೇಪರ್ ಶುರು ಮಾಡ್ಕೋಬೇಕು, ಯಾಕಂದ್ರೆ ಊರಲ್ಲಿ ಬರ್ತ್ ಸರ್ಟಿಫಿಕೇಟ್ ಹುಡುಕಿಸಿ ಫೋಟೋ ತರಿಸೋಕೆ ತುಂಬ ಟೈಮ್ ಹಿಡಿಯುತ್ತೆ.

ಪಕ್ಕದ ಅಂಗಡಿಯವರು ಕೇಳ್ತಾರೆ, ನಿಂಗ್ಯಾಕಪ್ಪ ಈ ಉಸಾಬರಿ, ಕಳಿಸ್ತಾರೆ ತಾನೆ, ಕಳಿಸ್ಲಿ ಬಿಡು ಅಂತ. ಅಯ್ಯೋ, ಹೋಗೋಕ್ ರೆಡಿ ಇರೋರೇ ಒಂದು ಕಾಗದಕ್ಕೋಸ್ಕರ ಒಳಗೆ ಕೂತಿರ್ತಾರೆ ಮಾರಾಯ.

ಟಿಕೆಟ್ ದುಡ್ಡಿಗೆ ನಾನು ಮೊದಲು ಕೈ ಹಾಕೋದು ಮನೆ ಅಡ್ವಾನ್ಸ್‌ಗೆ. ಬೆಂಗಳೂರಲ್ವಾ, ಓನರ್ ಹತ್ರ ಎಷ್ಟೋ ತಿಂಗಳ ಬಾಡಿಗೆ ಕೂತಿರುತ್ತೆ. ಪೊಲೀಸ್ ಬಂದ್ ಹೋದ ಮನೆ, ವಿದೇಶದವರು ಮನೇಲಿದಾರೆ ಅಂತ ಸರ್ಕಾರಕ್ಕೆ ತಿಳಿಸೋ ಫಾರ್ಮ್ ತುಂಬಿರ್ಲಿಲ್ಲ ಅಂತ ಓನರ್‌ಗೂ ಒಳಗೊಳಗೇ ನಡುಕ, ಹಾಗಾಗಿ ಜೋರು ಮಾಡಿದ್ರೆ ಬಾಗಿಲೇ ತೆಗೆಯಲ್ಲ. ನಾನು ಅಗ್ರಿಮೆಂಟ್ ಕಾಪಿ ತಗೊಂಡ್ ಹೋಗಿ, ಒಳಗಿರೋರ ಹತ್ರ ಬರೆಸ್ಕೊಂಡ ಒಪ್ಪಿಗೆ ಪತ್ರ ತೋರ್ಸಿ, ಅಕ್ಕ, ಮನೆ ಖಾಲಿ ಮಾಡಿಸ್ಕೊಡ್ತೀನಿ, ಅಡ್ವಾನ್ಸ್ ಕೊಡಿ ಅಂತ ಮೆತ್ತಗೆ ಕೇಳ್ತೀನಿ. ಹಿಂದೆ ಒಬ್ಬ ಹುಡುಗಂದು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ರು, ಕರೆಂಟ್ ಬಿಲ್ಲೂ ಹಿಡ್ಕೊಂಡ್ರು, ಉಳಿದಿದ್ದಕ್ಕೆ ಅವನ ಚರ್ಚ್‌ನವರು ಒಂದಿಷ್ಟು ಸೇರಿಸಿದ್ರು, ಅಡಿಸ್ ಅಬಾಬಾ ಮೇಲೆ ಹೋಗೋ ಟಿಕೆಟ್‌ಗೆ ಸರಿಹೋಯ್ತು. ಅವನ ಗ್ಯಾಸ್ ಸ್ಟೌ ಇನ್ನೂ ನನ್ನ ಅಂಗಡಿಲೇ ಇದೆ, ಬೇಕಾದವರು ಬಂದು ತಗೊಂಡ್ ಹೋಗಿ.