ಕ್ಯಾಮೆರಾ ಹೋಗಿರಲಿಲ್ಲ, ಡಿಕ್ಕಿ ಬಾಗಿಲ ವೈರು ಹೋಗಿತ್ತು: ನನ್ನ ಅನುಭವ

ನಮ್ಮ ಹ್ಯಾಚ್‌ಬ್ಯಾಕ್ ಕಾರಿನ ರಿವರ್ಸ್ ಕ್ಯಾಮೆರಾ ಸತ್ತಿದೆ ಅಂತ ಹೇಳದವರೇ ಇರಲಿಲ್ಲ. ಅದೇ ಹಳೇ ಕ್ಯಾಮೆರಾ ಈಗ ಶಿವಮೊಗ್ಗ ಜಿಲ್ಲೆಯ ಸಾಗರದ ಒಂದು ಪೂರ್ತಿ ಮಳೆಗಾಲ ದಾಟಿ ಚೆನ್ನಾಗಿ ಚಿತ್ರ ಕೊಡುತ್ತಿದೆ. ಕೊನೆಗೆ ಸರಿಹೋದ ರಿಪೇರಿಯ ಖರ್ಚು ಸುಮಾರು 250 ರೂಪಾಯಿ.

ರಿವರ್ಸ್ ಹಾಕಿದರೆ ಸ್ಟೀರಿಯೊ ಕ್ಯಾಮೆರಾ ಸ್ಕ್ರೀನಿಗೆ ಹೋಗುತ್ತಿತ್ತು, ಆದರೆ ಬರೀ ಕಪ್ಪು, ಮೇಲೆ ‘ನೋ ಸಿಗ್ನಲ್’. ಸ್ಕ್ರೀನ್ ಬದಲಾಗುತ್ತಿದೆ ಅಂದರೆ ಟ್ರಿಗರ್ ವೈರು (ರಿವರ್ಸ್ ಬಿತ್ತು ಅಂತ ಸ್ಟೀರಿಯೊಗೆ ಹೇಳುವ ವೈರು) ಸರಿ ಇದೆ. ಉಳಿದದ್ದು ಕ್ಯಾಮೆರಾದ ಕರೆಂಟು, ಅರ್ತು, ಹಳದಿ ಪಿನ್ನಿನ ವಿಡಿಯೊ ಕೇಬಲ್ಲು. ಸೆಟ್ಟಿಂಗಿನಲ್ಲಿ ಕ್ಯಾಮೆರಾದ ಸಿಗ್ನಲ್ ಬಗೆ ಎಎಚ್‌ಡಿ (ಹೊಸ ಎಚ್‌ಡಿ ಬಗೆ) ಆಗಿದೆಯಾ, ಸಿವಿಬಿಎಸ್ (ಹಳೇ ಸಾದಾ ಬಗೆ) ಆಗಿದೆಯಾ ಅಂತಲೂ ನೋಡಿದೆ, ಅಲ್ಲೇನೂ ಬದಲಾಗಿರಲಿಲ್ಲ.

ಅಂಗಡಿಯವನು ಮೀಟರ್ ಹಿಡಿದ. ಡಿಕ್ಕಿ ಬಾಗಿಲಿನಲ್ಲಿ ಕ್ಯಾಮೆರಾ ಪಿನ್ ಬಿಚ್ಚಿ ನೋಡಿದರೆ 12 ವೋಲ್ಟ್ ಚಿಲ್ಲರೆ. ‘ಕರೆಂಟ್ ಬರ್ತಾ ಇದೆ ಸಾರ್, ಕ್ಯಾಮೆರಾನೇ ಹೋಗಿದೆ’ ಅಂದ. ಹೊಸ ಕ್ಯಾಮೆರಾ, ಕೂಲಿ ಎಲ್ಲ ಸೇರಿ 1,400 ರೂಪಾಯಿ ಹತ್ತಿರ ಆಯಿತು. ಒಂದೆರಡು ವಾರ ಚಿತ್ರ ಬಂತು, ಆಮೇಲೆ ಮತ್ತೆ ಕಪ್ಪು. ಶಿವಮೊಗ್ಗದ ಇನ್ನೊಂದು ಕಡೆ ತೋರಿಸಿದರೆ ಸ್ಟೀರಿಯೊನೇ ಬದಲಿಸಿ ಅಂದರು, 14 ಸಾವಿರ ಆಗುತ್ತದಂತೆ. ನಮ್ಮ ಭಾವನೂ ಅದಕ್ಕೆ ಹೂಂ ಅಂದರು. ನಾನು ಒಪ್ಪಲಿಲ್ಲ. ಎರಡು ಕ್ಯಾಮೆರಾ ಒಂದೇ ರೀತಿ ಸಾಯುತ್ತವೆ ಅಂದರೆ ಸಾಯಿಸುತ್ತಿರುವುದು ಬೇರೆ ಏನೋ, ಅಲ್ವಾ?

ಮೊದಲು ಎರಡೂ ಕ್ಯಾಮೆರಾಗಳನ್ನು ಬಿಚ್ಚಿ ಬೇರೆ ಬ್ಯಾಟರಿಗೆ ನೇರ ಕೊಟ್ಟು, ಹಳೇ ಟಿವಿಯ ಎವಿ ಪಿನ್ನಿಗೆ ಹಾಕಿದೆ. ಎರಡೂ ಜೀವಂತ! ಹಳೆಯದರ ಚಿತ್ರವೇ ಹೊಸದಕ್ಕಿಂತ ಸ್ವಚ್ಛ.

ಆಮೇಲೆ ಕ್ಯಾಮೆರಾಗೆ ಬರುವ ವೈರಿಗೆ ಮೀಟರ್ ಬದಲು 5 ವ್ಯಾಟಿನ ಪಾರ್ಕಿಂಗ್ ಬಲ್ಬು ಕಟ್ಟಿದೆ. ಇದೇ ನನ್ನ ಇಡೀ ಕಥೆ. ಮೀಟರಿನಲ್ಲಿ 12 ವೋಲ್ಟ್, ಬಲ್ಬು ಮಾತ್ರ ಮಿಣುಕಲೂ ಇಲ್ಲ. ಮೀಟರ್ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಕೊಳೆತ ವೈರಿನ ತುದಿ ಸುಮ್ನೆ ತಾಗಿಕೊಂಡಿದ್ದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬೋ ಕ್ಯಾಮೆರಾನೋ ಕರೆಂಟು ಎಳೆದ ತಕ್ಷಣ ಅದು ಬಿದ್ದುಹೋಗುತ್ತದೆ. ಬಲ್ಬು ಕಟ್ಟಿಕೊಂಡೇ ಡಿಕ್ಕಿ ಬಾಗಿಲನ್ನು ನಿಧಾನ ಎತ್ತಿದೆ, ಇಳಿಸಿದೆ. ಅರ್ಧಕ್ಕೆ ಬಂದಾಗ ಒಮ್ಮೆ ಪಳಕ್ ಅಂತ ಹತ್ತಿ ಆರಿತು. ಜಾಗ ಸಿಕ್ಕಿತು: ಬಾಗಿಲಿಗೂ ಬಾಡಿಗೂ ನಡುವೆ ಇರುವ ಸುಕ್ಕುಸುಕ್ಕು ರಬ್ಬರ್ ಪೈಪಿನ ಒಳಗೆ.

ರಬ್ಬರ್ ಬಿಚ್ಚಿದಾಗ ಕೆಂಪು ವೈರಿನ ಮೇಲಿನ ಪ್ಲಾಸ್ಟಿಕ್ ನೋಡಲು ಸರಿಯಾಗಿಯೇ ಇತ್ತು, ಹಿಡಿದು ಎಳೆದರೆ ರಬ್ಬರ್ ಬ್ಯಾಂಡಿನಂತೆ ಉದ್ದವಾಯಿತು. ಒಳಗೆ ತಾಮ್ರ ತುಂಡಾಗಿ ಹಸಿರು ಹಿಡಿದಿತ್ತು. ಹೊಸ ಕ್ಯಾಮೆರಾ ಹಾಕುವಾಗ ವೈರು ಅಲುಗಾಡಿ ತುದಿಗಳು ತಾಗಿದ್ದವು, ಆ ಒಂದೆರಡು ವಾರದ ಚಿತ್ರ ಬಂದದ್ದು ಹಾಗೆ.

ಅಲ್ಲೇ ಸೇರಿಸಿ ಟೇಪು ಸುತ್ತುವವರಿದ್ದಾರೆ. ನನಗೂ ಒಬ್ಬರು ಹಾಗೇ ಮಾಡಿಕೊಟ್ಟಿದ್ದರು, 100 ರೂಪಾಯಿ ತಗೊಂಡರು, ಒಂದು ವಾರ ಬಂದಿರಬೇಕು. ಮಡಚುವ ಜಾಗದಲ್ಲಿ ಜೋಡಣೆ ಇರಲೇಬಾರದು. ಸೋಲ್ಡರ್ ಮಾಡಿದರೂ ಅಷ್ಟೇ, ಗಟ್ಟಿಯಾದ ತುದಿಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಒಂದೂವರೆ ಅಡಿಯಷ್ಟು ಸಿಲಿಕಾನ್ ವೈರು ತಂದು ಎರಡೂ ಜೋಡಣೆಗಳನ್ನು ರಬ್ಬರಿನಿಂದ ಆಚೆ, ಒಂದು ಬಾಗಿಲ ಒಳಗೆ, ಇನ್ನೊಂದು ಬಾಡಿಯೊಳಗೆ ಬರುವ ಹಾಗೆ ಮಾಡಿ, ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿದೆ. ಸಿಲಿಕಾನ್ ವೈರು ಮೆತ್ತಗಿರುತ್ತದೆ, ಸಣ್ಣ ಎಳೆಗಳು ಜಾಸ್ತಿ. ಹಳೇ ರಬ್ಬರಿನೊಳಗೆ ಅದನ್ನು ಹರಿಯದ ಹಾಗೆ ತೂರಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಅರ್ತಿಗೂ ಬೇರೆ ವೈರು ಎಳೆದು ಬಾಡಿಯ ಬೋಲ್ಟಿಗೆ ಕೊಟ್ಟೆ, ಬಾಗಿಲ ಹಿಂಜಿನ ಅರ್ತನ್ನು ನಾನು ನಂಬುವುದಿಲ್ಲ. ಅರ್ತು ಹೋದರೆ ಕರೆಂಟು ವಿಡಿಯೊ ಕೇಬಲ್ಲಿನ ಹೊರ ಜಾಲರಿ ಹಿಡಿದು ವಾಪಸ್ ಹೋಗುತ್ತದೆ, ಚಿತ್ರವೂ ಬರುತ್ತದೆ, ಜೊತೆಗೆ ಅಡ್ಡಗೆರೆಗಳೂ ಬರುತ್ತವೆ. ಗೆರೆ ಕಂಡರೆ ಫಿಲ್ಟರ್ ಕೊಳ್ಳುವ ಮೊದಲು ಅರ್ತು ನೋಡಿ.

ಉಳಿದ ಹೊಸ ಕ್ಯಾಮೆರಾವನ್ನು ಮುಂದಿನ ಗ್ರಿಲ್ಲಿಗೆ ಹಾಕಿ ನೋಡಿದೆ, ನಮ್ಮ ಗೇಟಿನ ಹತ್ತಿರ ಚರಂಡಿ ಅಂಚು ಕಾಣುವುದಿಲ್ಲ, ಅದಕ್ಕೆ. ರಿವರ್ಸ್ ಕ್ಯಾಮೆರಾ ಕನ್ನಡಿಯ ಚಿತ್ರ ಕೊಡುತ್ತದಲ್ಲ, ಮುಂದೆ ಹಾಕಿದರೆ ಎಡ ಬಲ ತಿರುಗುಮುರುಗು. ಇದರಲ್ಲಿ ಚಿತ್ರ ತಿರುಗಿಸುವುದಕ್ಕೆ ಅಂತಲೇ ಪುಟ್ಟ ಕುಣಿಕೆ ವೈರು ಇತ್ತು, ಕತ್ತರಿಸಿದೆ, ನೇರ ಆಯಿತು. ಒಂದು ಸ್ವಿಚ್ಚು, ಒಂದು ರಿಲೇ, ಎಲ್ಲ ಸೇರಿ ಇನ್ನೂರರ ಆಸುಪಾಸು. ಹಗಲು ಚೆನ್ನಾಗಿದೆ, ರಾತ್ರಿ ಹೆಡ್‌ಲೈಟಿನ ಬೆಳಕಿಗೆ ಸ್ಕ್ರೀನ್ ಬೆಳ್ಳಗಾಗುತ್ತದೆ. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ.

ಹೋದ ತಿಂಗಳು ಭಾವನ ಕಾರಿನಲ್ಲೂ ಕಪ್ಪು ಸ್ಕ್ರೀನ್ ಬಂತು. ಈ ಸಲ ಅವರು ಅಂಗಡಿಗೆ ಹೋಗದೆ ನೇರ ನಮ್ಮನೆಗೆ ಬಂದರು. ಬಲ್ಬು ಕಟ್ಟಿದೆ, ಜೋರಾಗಿ ಉರಿಯಿತು, ಅಂದರೆ ಅವರದ್ದು ಕರೆಂಟು ವೈರಿನ ಸಮಸ್ಯೆ ಅಲ್ಲ. ಹಳದಿ ಪಿನ್ ಬಿಚ್ಚಿದರೆ ಒಳಗೆ ನೀರು. ಒರೆಸಿ, ಒಣಗಿಸಿ, ಪಿನ್ನಿನ ಬಾಯಿ ಕೆಳಮುಖ ಮಾಡಿ ಕಟ್ಟಿಕೊಟ್ಟೆ.