ಹೊಸ ತಂತ್ರಾಂಶವನ್ನು ಹೊಸಬರಿಗೆ ಪರಿಚಯಿಸುವುದು: ನನ್ನ ಅನುಭವ

ತಂತ್ರಾಂಶ ಬರೆಯುವವರಲ್ಲಿ ಹೆಚ್ಚಿನವರು ಅದನ್ನು ಜನರಿಗೆ ಪರಿಚಯಿಸುವ ಪ್ರಕಟಣೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೋಡ್ ಮುಗಿದು, ಪರೀಕ್ಷೆಯೂ ಮುಗಿದು, ಸುಸ್ತಾದ ರಾತ್ರಿಯಲ್ಲಿ ನಾಲ್ಕು ಸಾಲು ಬರೆದು ಕಳುಹಿಸಿಬಿಡುತ್ತಾರೆ. ನಾನು ಅದನ್ನು ಮೊದಲೇ ಬರೆಯುತ್ತೇನೆ. ಕೋಡ್ ಅರ್ಧದಲ್ಲಿರುವಾಗಲೇ ಪ್ರಕಟಣೆಯ ಕರಡು ಮೇಜಿನ ಮೇಲಿರುತ್ತದೆ. ಆಮೇಲೆ ಎರಡೂ ಜೊತೆಜೊತೆಯಾಗಿ ತಿದ್ದಿಸಿಕೊಳ್ಳುತ್ತಾ ಹೋಗುತ್ತವೆ. ತಂತ್ರಾಂಶದ ಹೆಸರನ್ನೇ ಕೇಳದವರಿಗೆ ಇದು ಏನು, ಯಾರಿಗೆ ಬೇಕು, ಯಾವ ತೊಂದರೆಯನ್ನು ನೀಗಿಸುತ್ತದೆ ಎಂದು ಹೇಳಲು ಆಗದಿದ್ದರೆ ತಂತ್ರಾಂಶ ಇನ್ನೂ ಸಿದ್ಧವಾಗಿಲ್ಲ ಎಂದೇ ನನ್ನ ಲೆಕ್ಕ.

ನಾನು ಹೇಳುವುದೆಲ್ಲ ನನ್ನ ಒಂದು ಸಣ್ಣ ತಂತ್ರಾಂಶದ ಸುತ್ತಲಿನದು. ಹಳೆಯ ಕನ್ನಡ ಫೈಲುಗಳನ್ನು ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಟ್ಟಿರುವ ಜಾಗತಿಕ ಪದ್ಧತಿಗೆ) ಬದಲಿಸುವುದು ಅದರ ಕೆಲಸ. ಇಂಥವನ್ನು ಬೇರೆಯವರೂ ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಊರೂರಿನ ಮುದ್ರಣಾಲಯಗಳಲ್ಲಿ ಅಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲದ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಕೊರತೆ ಇದ್ದದ್ದು ತಂತ್ರಾಂಶಗಳಲ್ಲಿ ಅಲ್ಲ, ಅವುಗಳ ಬಗ್ಗೆ ಹೇಳುವ ಮಾತಿನಲ್ಲಿ.

ಹಿನ್ನೆಲೆ ಇಷ್ಟು. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. ಆದರೆ ಜನರ ಕಂಪ್ಯೂಟರುಗಳಿಗೆ ಅದು ತಲುಪಿದ್ದು ತಡವಾಗಿ. ವಿಂಡೋಸ್ ಎಕ್ಸ್‌ಪಿ ತನ್ನೊಂದಿಗೆ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ತಂದದ್ದು 2001ರಲ್ಲಿ. ಅಲ್ಲಿಯವರೆಗೂ, ಆಮೇಲೂ ಬಹಳ ಕಾಲ, ಕನ್ನಡವನ್ನು ಹೊತ್ತು ನಡೆದದ್ದು ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಮುಂತಾದ ತಂತ್ರಾಂಶಗಳು. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇರುವವರೆಗೆ ಪುಟ ಅಂದವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದದಲ್ಲಿ ಕ ಇದ್ದ ಕಡೆ ದೊಡ್ಡಕ್ಷರದ ಪಿ, ನ ಇದ್ದ ಕಡೆ ಪೌಂಡ್ ಚಿಹ್ನೆ, ಅವುಗಳ ಪಕ್ಕದಲ್ಲಿ ತಲೆಯ ಮೇಲೆ ಗೀರು ಎಳೆಸಿಕೊಂಡ ಎ ಕಾಣುತ್ತವೆ. ಕನ್ನಡದಲ್ಲಿ ಡಿ.ಟಿ.ಪಿ. (ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮಾಡಿದ ಯಾರಿಗೇ ಆಗಲಿ ಈ ಪೌಂಡ್ ಚಿಹ್ನೆಯ ಪರಿಚಯವಿದೆ.

ಅದಕ್ಕಾಗಿಯೇ ನನ್ನ ಪ್ರಕಟಣೆ ಅಲ್ಲಿಂದಲೇ ಶುರುವಾಗುತ್ತದೆ. ಮೊದಲ ಎರಡು ವಾಕ್ಯಗಳು ಹೀಗಿವೆ:

"ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ನಿಮ್ಮ ಹಳೆಯ ಫೈಲನ್ನು ಈಗ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು ಕಾಣುತ್ತಿವೆಯೇ? ಈ ತಂತ್ರಾಂಶ ಅದನ್ನು ಮೊಬೈಲಿನಲ್ಲೂ ಇಮೇಲಿನಲ್ಲೂ ಓದಬಹುದಾದ, ಹುಡುಕಿದರೆ ಸಿಗುವ ಕನ್ನಡವಾಗಿ ಬದಲಿಸಿ ಬೇರೊಂದು ಫೈಲಿನಲ್ಲಿ ಕೊಡುತ್ತದೆ, ನಿಮ್ಮ ಮೂಲ ಫೈಲು ಇದ್ದ ಹಾಗೆಯೇ ಇರುತ್ತದೆ."

ಇದನ್ನೇ 'ಆಸ್ಕಿ-ಯೂನಿಕೋಡ್ ಪರಿವರ್ತಕ, ಪೈಥಾನ್‌ನಲ್ಲಿ ಬರೆದದ್ದು, ಮುಕ್ತ ಪರವಾನಗಿ' ಎಂದೂ ಹೇಳಬಹುದಿತ್ತು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮುದ್ರಣಾಲಯದಲ್ಲಿ ಕುಳಿತವರಿಗೆ ಹಿಡಿದುಕೊಳ್ಳಲು ಅಲ್ಲೊಂದು ಕೊಂಡಿಯೂ ಸಿಗುವುದಿಲ್ಲ. ತನ್ನ ಪರದೆಯ ಮೇಲೆ ದಿನವೂ ಕಾಣುವ ತೊಂದರೆಯನ್ನು ಓದಿದವರು 'ಇದು ನನ್ನದೇ ವಿಷಯ' ಎಂದು ಮುಂದಕ್ಕೆ ಓದುತ್ತಾರೆ. ಆ ತೊಂದರೆ ಇಲ್ಲದವರು ಅಲ್ಲಿಗೇ ಬಿಟ್ಟು ಹೋಗುತ್ತಾರೆ. ಅವರು ಬಿಟ್ಟು ಹೋಗುವುದೂ ನನಗೆ ಬೇಕಾದದ್ದೇ. ಬೇಡದವರ ಸಮಯವನ್ನು ಉಳಿಸುವುದು ಪ್ರಕಟಣೆಯ ಅರ್ಧ ಕೆಲಸ.

ಈ ವಿಚಾರದಲ್ಲಿ ನಾನು ಕಲಿತದ್ದು ಹಳೆಯ ಪ್ರಕಟಣೆಗಳನ್ನು ಓದಿ. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಾವು ಕಟ್ಟುತ್ತಿದ್ದ ಲಿನಕ್ಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಬಗ್ಗೆ ಬರೆದ ಸಂದೇಶವನ್ನು ಅದರ ವಿನಯಕ್ಕಾಗಿ ಎಲ್ಲರೂ ನೆನೆಯುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆಯದು: ಮಿನಿಕ್ಸ್ (ಆಗ ಇದ್ದ ಅಂಥದೇ ಇನ್ನೊಂದು ತಂತ್ರಾಂಶ) ಬಳಸುತ್ತಿರುವ ಎಲ್ಲರಿಗೂ ನಮಸ್ಕಾರ ಎಂದು ಮೊದಲ ಸಾಲಿನಲ್ಲೇ ಓದುಗರು ಯಾರೆಂದು ನಿಗದಿ ಮಾಡಿಬಿಟ್ಟರು. ಮಿನಿಕ್ಸ್‌ನಲ್ಲಿ ನಿಮಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ಕೇಳಿದರು. ಬ್ಯಾಶ್ 1.08, ಜಿಸಿಸಿ 1.40 ಎಂಬ ಬೇರೆಯವರ ತಂತ್ರಾಂಶಗಳು ಅದರ ಮೇಲೆ ಓಡುತ್ತಿವೆ ಎಂದರು. ಇದು ಬೇರೆ ಯಂತ್ರಗಳಿಗೆ ಒಯ್ಯುವಂಥದ್ದಲ್ಲ, ತಮ್ಮಲ್ಲಿರುವ ಎಟಿ ಬಗೆಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೆಯದಕ್ಕೆ ಬಹುಶಃ ಎಂದೂ ಹೊಂದಲಾರದು ಎಂದೂ ಹೇಳಿದರು. ಆಮೇಲೆ ಆ ಮಾತು ಪೂರಾ ಹುಸಿಯಾಯಿತು, ಅದು ಬೇರೆ ಕಥೆ. ಆ ದಿನ ಅದನ್ನು ಓದಿದವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರಲ್ಲಿ ಮಾತ್ರ ಗೊಂದಲವಿರಲಿಲ್ಲ. ಅದೇ ತಿಂಗಳ 6ರಂದು ಟಿಮ್ ಬರ್ನರ್ಸ್-ಲೀ ತಾವು ರೂಪಿಸಿದ ವರ್ಲ್ಡ್ ವೈಡ್ ವೆಬ್ ಬಗ್ಗೆ ಬರೆದಾಗಲೂ, ಎಲ್ಲಿರುವ ಯಾವ ಮಾಹಿತಿಗಾದರೂ ಕೊಂಡಿ ಹಾಕಲು ಸಾಧ್ಯವಾಗಿಸುವುದು ಇದರ ಗುರಿ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಅಷ್ಟು ದೊಡ್ಡ ವಿಷಯ ಒಂದು ವಾಕ್ಯಕ್ಕೆ ಇಳಿಯುವುದಾದರೆ ನನ್ನ ಫಾಂಟ್ ಬದಲಿಸುವ ಕೆಲಸ ಇಳಿಯದೆ ಇರುತ್ತದೆಯೇ?

ಡೆಬಿಯನ್‌ನವರ (ಲಿನಕ್ಸ್ ಜೊತೆ ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ತಂಡ) ನಿಯಮಾವಳಿಯೂ ನನಗೆ ಬಹಳ ಪ್ರಿಯ. ಅಲ್ಲಿ ಪ್ರತಿ ತಂತ್ರಾಂಶಕ್ಕೂ ಒಂದು ಕಿರುವಿವರಣೆ ಇರಬೇಕು, ಅದು 80 ಅಕ್ಷರಗಳೊಳಗೆ ಮುಗಿಯಬೇಕು, ತಂತ್ರಾಂಶದ ಹೆಸರನ್ನು ಅದರಲ್ಲಿ ಮತ್ತೆ ಹೇಳಬಾರದು. ಅದರ ಕೆಳಗಿನ ದೀರ್ಘ ವಿವರಣೆ ಈ ತಂತ್ರಾಂಶವನ್ನು ಎಂದೂ ಕಂಡಿರದವರು 'ಇದನ್ನು ಹಾಕಿಕೊಳ್ಳಲೇ ಬೇಡವೇ' ಎಂದು ತೀರ್ಮಾನಿಸಲು ಸಾಕಾಗುವಂತೆ ಇರಬೇಕು. ಹೊಗಳಿಕೆಗೆ ಅಲ್ಲಿ ಜಾಗವೇ ಇಲ್ಲ. ನನ್ನ ಕರಡಿನಲ್ಲಿ 'ಅತ್ಯಂತ ಸುಲಭ', 'ಶಕ್ತಿಶಾಲಿ' ಎಂಬ ಮಾತುಗಳು ನುಸುಳಿದರೆ ಈ ನಿಯಮವನ್ನು ನೆನೆದು ಅಳಿಸುತ್ತೇನೆ. ಸುಲಭವೋ ಅಲ್ಲವೋ ಎಂಬುದು ಬಳಸುವವರು ಹೇಳಬೇಕಾದ ಮಾತು.

ಇನ್ನು ಕರಡನ್ನು ಪರೀಕ್ಷಿಸುವ ಬಗೆ. ಹಾಸನದ ಕಡೆ ಮುದ್ರಣಾಲಯ ನಡೆಸುವ ಹಿರಿಯರೊಬ್ಬರಿಗೆ ಅದನ್ನು ಕೊಟ್ಟೆ. 'ಅರ್ಥವಾಯಿತೇ?' ಎಂದು ನಾನು ಯಾರನ್ನೂ ಕೇಳುವುದಿಲ್ಲ. ನಮ್ಮ ಕಡೆ ದಾಕ್ಷಿಣ್ಯಕ್ಕೆ ಎಲ್ಲರೂ 'ಆಯಿತು' ಎನ್ನುತ್ತಾರೆ. ಬದಲಿಗೆ, "ಇದನ್ನು ನಿಮ್ಮ ಅಂಗಡಿಯ ಹುಡುಗನಿಗೆ ನೀವೇ ಹೇಳಿಬಿಡಿ ಸಾರ್, ನಾನು ಸುಮ್ಮನೆ ಕೇಳುತ್ತಿರುತ್ತೇನೆ" ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಹುಡುಗನನ್ನು ಕರೆದು, "ನೋಡಪ್ಪಾ, ನಮ್ಮ ಹಳೆಯ ಪುಸ್ತಕದ ಫೈಲುಗಳನ್ನು ಇದು ಹೊಸ ಕನ್ನಡಕ್ಕೆ ಮಾಡಿಕೊಡುತ್ತದಂತೆ" ಎಂದರು. ಅಷ್ಟರಲ್ಲೇ ಅವರಿಗೆ ಅನುಮಾನ ಬಂತು. "ಇದಕ್ಕೆ ಇಂಟರ್ನೆಟ್ ಬೇಕೇನಪ್ಪಾ? ನನ್ನ ಹತ್ತಿರ ಇನ್ನೂ ಅಚ್ಚಾಗದ ಹಸ್ತಪ್ರತಿಗಳಿವೆ. ಬರೆದವರು ನನ್ನನ್ನು ನಂಬಿ ಕೊಟ್ಟಿದ್ದಾರೆ. ಅವು ಎಲ್ಲಿಗೂ ಹೋಗಬಾರದು."

ಕೆಲಸವೆಲ್ಲ ಅವರ ಕಂಪ್ಯೂಟರಿನೊಳಗೇ ನಡೆಯುತ್ತದೆ ಎಂಬುದು ನನಗೆ ಗೊತ್ತಿದ್ದ ಸಂಗತಿ. ಅವರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಗತಿ. 'ಇಂಟರ್ನೆಟ್ ಬೇಡ, ನಿಮ್ಮ ಫೈಲು ನಿಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ' ಎಂಬ ಸಾಲು ಅಲ್ಲಿಂದ ಬಂತು. ಹೊಸಬರ ಪ್ರಶ್ನೆಗಳನ್ನು ಮನೆಯಲ್ಲಿ ಕುಳಿತು ಊಹಿಸಲು ಆಗುವುದಿಲ್ಲ. ಅವರ ಪಕ್ಕದಲ್ಲಿ ಕುಳಿತರೆ ತಾವಾಗಿಯೇ ಬರುತ್ತವೆ.

ಪ್ರಕಟಣೆಗೆ ಒಂದು ಚಿತ್ರ ಇರಲೇಬೇಕು. ಎಡಕ್ಕೆ ಕೆಟ್ಟ ಪಠ್ಯ, ಬಲಕ್ಕೆ ಸರಿಯಾದದ್ದು. ಅದರಲ್ಲಿ ನಾನು ಹಾಕಿದ ವಾಕ್ಯ: 'ಸೂರ್ಯ ಪೂರ್ವ ದಿಕ್ಕಿನಲ್ಲಿ ಹುಟ್ಟುತ್ತಾನೆ.' ನೋಡಲು ಶಾಲೆಯ ಪಾಠದಂತಿದೆ, ಆದರೆ ಆರಿಸಿದ್ದಕ್ಕೆ ಕಾರಣವಿದೆ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಯ ಆದ ಮೇಲೆ, ಫೈಲಿನಲ್ಲಿ ಕುಳಿತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ: ಮೊದಲು ರ, ಆಮೇಲೆ ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಚಿಹ್ನೆ), ಆಮೇಲೆ ಯ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ತರಬೇಕು. ಅರೆಬರೆ ಪರಿವರ್ತಕಗಳು ಎಡವುವುದು ಇಲ್ಲಿಯೇ. ಡಿ.ಟಿ.ಪಿ. ಅನುಭವವಿರುವವರ ಕಣ್ಣು ನೆಟ್ಟಗೆ ಅರ್ಕಾವೊತ್ತಿಗೆ ಹೋಗುತ್ತದೆ. ಆ ಮುದ್ರಕರೂ ಚಿತ್ರದಲ್ಲಿ 'ಪೂರ್ವ'ದ ಮೇಲೆ ಬೆರಳಿಟ್ಟು, "ಇದು ಸರಿಯಾಗಿ ಬಂದಿದೆಯಲ್ಲ!" ಎಂದರು. ಆ ಒಂದು ಚಿತ್ರ ನಂಬಿಕೆ ಹುಟ್ಟಿಸಿದಷ್ಟು ನನ್ನ ಯಾವ ವಿವರಣೆಯೂ ಹುಟ್ಟಿಸಲಿಲ್ಲ.

ಪ್ರಕಟಣೆಯನ್ನು ಮೊದಲೇ ಬರೆಯುವುದರಿಂದ ಆಗುವ ದೊಡ್ಡ ಲಾಭವನ್ನೂ ಹೇಳಬೇಕು. 'ಏನು ಮಾಡುವುದಿಲ್ಲ' ಎಂಬ ಭಾಗವನ್ನು ಬರೆಯುತ್ತಾ, 'ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಕೆಡುತ್ತವೆ' ಎಂಬ ವಾಕ್ಯಕ್ಕೆ ಬಂದೆ. ಹಳೆಯ ಫೈಲಿನಲ್ಲಿ ಕನ್ನಡವೂ ಇಂಗ್ಲಿಷ್ ಸಂಕೇತಗಳಲ್ಲೇ ಇರುವುದರಿಂದ ಬರೀ ಪಠ್ಯವನ್ನು ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಲೇಖಕರ ಇಂಗ್ಲಿಷ್ ಪದವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಆ ವಾಕ್ಯವನ್ನು ಓದಿದ ಅಧ್ಯಾಪಕರೊಬ್ಬರು, ಅಡಿಟಿಪ್ಪಣಿಗಳ ತುಂಬ ಇಂಗ್ಲಿಷ್ ಪುಸ್ತಕಗಳ ಹೆಸರಿರುವವರು, ಇದನ್ನು ಬಳಸುವುದುಂಟೇ? ಕರಡನ್ನು ಅಲ್ಲಿಗೇ ನಿಲ್ಲಿಸಿ ಕೋಡ್‌ಗೆ ಮರಳಿದೆ. ವರ್ಡ್‌ನ ಡಾಕ್ಸ್ (.docx) ಫೈಲು ಒಳಗೆ ನೋಡಿದರೆ ಹಲವು ಫೈಲುಗಳನ್ನು ಸೇರಿಸಿ ಕಟ್ಟಿದ ಒಂದು ಜಿಪ್ ಕಟ್ಟು. ಪಠ್ಯದ ತುಣುಕುಗಳ ಜೊತೆಗೆ ಅವು ಯಾವ ಫಾಂಟಿನವು ಎಂಬ ಗುರುತೂ ಅದರಲ್ಲಿ ಇರುತ್ತದೆ. ನುಡಿ, ಬರಹ ಫಾಂಟಿನ ತುಣುಕುಗಳನ್ನು ಮಾತ್ರ ಬದಲಿಸಿ ಮಿಕ್ಕದ್ದನ್ನು ಮುಟ್ಟದೆ ಬಿಟ್ಟರೆ ಇಂಗ್ಲಿಷ್ ಇದ್ದಲ್ಲೇ ಉಳಿಯುತ್ತದೆ. ಹೀಗೆ ಪ್ರಕಟಣೆಯ ಒಂದು ವಾಕ್ಯ ತಂತ್ರಾಂಶದ ಮುಖ್ಯ ಗುಣವನ್ನೇ ತೀರ್ಮಾನಿಸಿತು.

ಉಳಿದ ಮಿತಿಗಳು ಹಾಗೆಯೇ ಉಳಿದವು, ಅವನ್ನು ಮೊದಲ ಪರದೆಯಲ್ಲೇ ಬರೆದೆ. ಶ್ರೀಲಿಪಿ, ಆಕೃತಿ ಎಂಬ ಬೇರೆ ಕನ್ನಡ ತಂತ್ರಾಂಶಗಳ ಫೈಲುಗಳಿಗೆ ಇದು ಆಗುವುದಿಲ್ಲ, ಅವುಗಳ ಅಕ್ಷರ ಜೋಡಣೆಯೇ ಬೇರೆ. ಪೇಜ್‌ಮೇಕರ್ (ಪುಟ ಜೋಡಿಸುವ ತಂತ್ರಾಂಶ) ಫೈಲನ್ನು ನೇರವಾಗಿ ಓದುವುದಿಲ್ಲ, ಪಠ್ಯವನ್ನು ಹೊರತೆಗೆದು ಕೊಡಬೇಕು. ವರ್ಡ್‌ನ ಹಳೆಯ ಡಾಕ್ (.doc) ಫೈಲನ್ನು ಮೊದಲು ವರ್ಡ್‌ನಂಥದೇ ಆದ ಲಿಬ್ರೆಆಫೀಸ್‌ನಲ್ಲಿ ತೆರೆದು ಡಾಕ್ಸ್ ಆಗಿ ಉಳಿಸಿಕೊಳ್ಳಬೇಕು. ಮಿತಿಗಳನ್ನು ಮೊದಲೇ ಹೇಳಿದರೆ ಜನ ಓಡಿಹೋಗುತ್ತಾರೆ ಎಂದು ಗೆಳೆಯರು ಎಚ್ಚರಿಸಿದ್ದರು. ಆದದ್ದು ತಿರುವುಮುರುವು. ಶ್ರೀಲಿಪಿಯವರು ಆಗುವುದಿಲ್ಲ ಎಂದು ತಿಳಿದು ತಮ್ಮ ಮಾದರಿ ಫೈಲುಗಳನ್ನು ಕಳುಹಿಸಿಕೊಟ್ಟರು, ಮುಂದಿನ ಕೆಲಸಕ್ಕೆ ಅವೇ ಆಧಾರವಾದವು.

ತಂತ್ರಾಂಶವನ್ನು ಹಾಕಿಕೊಳ್ಳುವ ಹಂತದಲ್ಲಿ ಹೊಸಬರು ಹೆದರುವ ಒಂದು ಜಾಗವಿದೆ. ಹಣ ಕಟ್ಟಿ ಡಿಜಿಟಲ್ ಸಹಿ ಪಡೆಯದ, ಹೆಚ್ಚು ಜನ ಇಳಿಸಿಕೊಂಡಿರದ ತಂತ್ರಾಂಶವನ್ನು ತೆರೆದರೆ ವಿಂಡೋಸ್ ಸಾಮಾನ್ಯವಾಗಿ ನೀಲಿ ಕಿಟಕಿಯೊಂದನ್ನು ತೋರಿಸಿ ತಡೆಯುತ್ತದೆ. ಗೊತ್ತಿಲ್ಲದವರು ವೈರಸ್ ಎಂದೇ ತಿಳಿದು ಅಳಿಸಿಹಾಕುತ್ತಾರೆ, ತಪ್ಪೇನಿಲ್ಲ. ಆ ಕಿಟಕಿಯ ಚಿತ್ರವನ್ನೇ ಪ್ರಕಟಣೆಯಲ್ಲಿ ಹಾಕಿ, ಅದು ಏಕೆ ಬರುತ್ತದೆ, ಮುಂದುವರಿಯಲು ಎಲ್ಲಿ ಒತ್ತಬೇಕು, ಸಂಶಯವಿದ್ದರೆ ಕೋಡ್ ಎಲ್ಲಿದೆ ಎಂದು ಬರೆಯುತ್ತೇನೆ. ಎಚ್ಚರಿಕೆ ಬರುತ್ತದೆ ಎಂದು ಮೊದಲೇ ತಿಳಿದವರು ಅದನ್ನು ಕಂಡು ಗಾಬರಿಯಾಗುವುದಿಲ್ಲ.

ನಮ್ಮಲ್ಲಿ ಇಂಥ ಸುದ್ದಿ ಹರಡುವುದು ಬಹುಪಾಲು ವಾಟ್ಸ್‌ಆ್ಯಪ್ ಮೂಲಕ. ಅಲ್ಲಿ ಉದ್ದನೆಯ ಸಂದೇಶದ ಆರಂಭ ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಯಾರೋ ಯಾರಿಗೋ ಕಳುಹಿಸಿ, ತಿಂಗಳುಗಳ ಮೇಲೆ ಅದು ಮತ್ತೊಂದು ಗುಂಪಿನಲ್ಲಿ ತೇಲುತ್ತದೆ. ಆದ್ದರಿಂದ ಪ್ರತಿ ಪ್ರಕಟಣೆಯೂ ಒಂಟಿಯಾಗಿ ನಿಲ್ಲುವಂತಿರಬೇಕು: ಹೆಸರು, ದಿನಾಂಕ, ಸಿಗುವ ಜಾಗ, ಬೆಲೆ ಇಲ್ಲ ಎಂಬ ಮಾತು, ಎಲ್ಲ ಅದರೊಳಗೇ. ಹೊಸ ಆವೃತ್ತಿ ಬಂದಾಗಲೂ ಆ ಮೊದಲ ಎರಡು ವಾಕ್ಯಗಳನ್ನು ಹಾಗೆಯೇ ಮತ್ತೆ ಹಾಕುತ್ತೇನೆ. 'ಎಲ್ಲರಿಗೂ ಗೊತ್ತಿರುವ ನಮ್ಮ ತಂತ್ರಾಂಶದ ಹೊಸ ಆವೃತ್ತಿ' ಎಂದು ಶುರುಮಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಂದು ಮೊದಲ ಸಲ ಓದುತ್ತಿರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹಳಬರು ಎರಡು ವಾಕ್ಯ ದಾಟಿ ಮುಂದೆ ಹೋಗಬಲ್ಲರು.

ಕೋಡ್ ಬರೆಯಲು ಬರುವ ಹೊಸಬರಿಗೆ ಬೇರೆಯೇ ಬರಹ ಮಾಡುತ್ತೇನೆ, ಎರಡನ್ನೂ ಬೆರೆಸುವುದಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರ್ 27ರಂದು ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯನ್ನು ಸಾರಿದಾಗ, ಕಂಪ್ಯೂಟರ್ ತಯಾರಕರಿಂದ ಯಂತ್ರ ಮತ್ತು ಹಣ, ಒಬ್ಬೊಬ್ಬ ವ್ಯಕ್ತಿಯಿಂದ ಕೋಡ್ ಮತ್ತು ದುಡಿಮೆ ಎಂದು ಯಾರಿಂದ ಏನು ಬೇಕೆಂದು ಬಿಡಿಸಿ ಹೇಳಿದ್ದರು. ಹಾಗೆಯೇ ನಾನೂ ಕೆಲಸವನ್ನು ಹೆಸರಿಸಿ ಕೇಳುತ್ತೇನೆ: ಅಕ್ಷರಪಟ್ಟಿ ಈ ಫೈಲಿನಲ್ಲಿದೆ, ಇದರಲ್ಲಿ ಈ ಒತ್ತಕ್ಷರಗಳು ಬಾಕಿ ಇವೆ, ಒಂದು ಸಂಜೆಯಲ್ಲಿ ಸೇರಿಸಬಹುದು. 'ಆಸಕ್ತರು ಕೈಜೋಡಿಸಿ' ಎಂದಷ್ಟೇ ಬರೆದರೆ ಯಾರಿಗೂ ಎಲ್ಲಿ ಕೈ ಹಾಕಬೇಕೆಂದು ತಿಳಿಯುವುದಿಲ್ಲ. ಬಳಸುವವರಿಂದಲೂ ಅಷ್ಟೇ ಖಚಿತವಾಗಿ ಕೇಳುತ್ತೇನೆ: ತಪ್ಪಾಗಿ ಬಂದ ಪದ, ಅದರ ಸರಿಯಾದ ರೂಪ, ಫಾಂಟಿನ ಹೆಸರು, ಈ ಮೂರನ್ನು ಕಳುಹಿಸಿ ಸಾಕು.

ಪ್ರಕಟಣೆ ಹೊರಟ ಮೇಲೆ ಬರುವ ಪ್ರಶ್ನೆಗಳನ್ನು ಒಂದು ಕಡೆ ಬರೆದಿಡುತ್ತೇನೆ. ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬಂದರೆ ಅದರ ಉತ್ತರ ಮುಂದಿನ ಪ್ರಕಟಣೆಯಲ್ಲಿ ಮೇಲಕ್ಕೆ ಏರುತ್ತದೆ. ಈಚೆಗೆ ಹೆಚ್ಚಾಗಿ ಬರುತ್ತಿರುವುದು 'ಮೊಬೈಲಿನಲ್ಲಿ ಆಗುತ್ತದೆಯೇ?' ಎಂಬುದು. ಸದ್ಯಕ್ಕೆ ಆಗುವುದಿಲ್ಲ, ವಿಂಡೋಸ್ ಅಥವಾ ಲಿನಕ್ಸ್ ಇರುವ ಕಂಪ್ಯೂಟರ್ ಬೇಕು. ಆ ಎರಡು ವಾಕ್ಯಗಳ ಕೆಳಗೆ ಈಗ ಮೂರನೆಯದಾಗಿ ನಿಂತಿರುವುದು ಈ ಮಾತು.